ಇಪ್ಪತ್ತು ನಿಮಿಷ ಮುಂದ

ಒಳಗ ಬಿಡತೈತಿ. "ಬರ್ರಿ" ಅಂತೈತಿ. ಎರಡುನೂರು.
ಕೈಯಾಗೊಂದು ಕುಕೀ ಕೊಡತೈತಿ, ಗೇಟಿನ ಚೀಟಿ ಕೊಟ್ಟಂಗ.
ಮರುಗಳಿಗಿಗೆ ದರಪಟ್ಟಿ ಕೇಳಿದ್ರ
ಅದೇ ಬಾಗಿಲಾ, ಅದೇ ಕಾವಲಾ:
"ಯಾರು ನೀವು?"
ನಾಲ್ಕುನೂರಾ ಒಂದು.

ಬ್ಯಾಡಗಿ ಪ್ಯಾಟಿ. ಮಹಾರುದ್ರಪ್ಪ ಬಣಕಾರರ ದಲಾಲಿ ಅಂಗಡಿ.
ಅಟ್ಟದ ಮ್ಯಾಲೆ ಒಂದು ಕಂಪ್ಯೂಟರ್, ನಾನು,
ಕೆಳಗಿಂದ ಏರಿ ಬರೂ ಡಬ್ಬಿ ಕಾಯಿ ಘಾಟು.
ಮುಂಜಾನಿಂದ ಹದಿನಾರು ಸೀನು. ಎಣಿಸೀನಿ.

ಹಾದಿ ತಪ್ಪೇತೇನು ಅಂತ ಪಾಥ್ ನೋಡಿದೆ. ಸರಿ ಐತಿ.
ಊರು ತಪ್ಪೇತೇನು ಅಂತ ಡೊಮೇನ್. ಅದೂ ಸರಿ.
ಎಚ್‌ಟಿಟಿಪಿ ಬಾಲಕ್ಕ ಎಸ್ ಐತೋ ಇಲ್ಲೋ? ಐತಿ.
ಕುಕೀ ಹೆಸರಿನ ಒಂದೊಂದು ಅಕ್ಷರಾ ಬೆರಳಿಟ್ಟು ಓದಿದೆ,
ಜ್ವಾಳದಾಗಿನ ಹಳ್ಳು ಆರಿಸಿದಂಗ.
ಇದೇ ಕೋಡು ನಿನ್ನೆ ಹಾವೇರ್ಯಾಗ, ನನ್ನ ಲ್ಯಾಪ್‌ಟಾಪಿನ್ಯಾಗ
ಕುದುರಿ ಹಂಗ ಓಡಿತ್ತು.
ಇಲ್ಲಿ, ಮುಚ್ಚಳಾ ತೆಗೆದಾಗೊಮ್ಮೆ ಕುಕೀ ಡಬ್ಬಿ ಖಾಲಿ.

ಗುಮಾಸ್ತ ಫಕ್ಕೀರಗೌಡ ಬಂದ:
"ಅಕ್ಕಾರ, ಒಂದೂ ಮುಕ್ಕಾಲಾತು, ಉಣ್ಣಾಕ ಏಳ್ರಿ."
ನನ್ನ ಕೈಗಡಿಯಾರದಾಗ ಒಂದೂ ಇಪ್ಪತ್ತೈದು.
ಗ್ವಾಡಿ ನೋಡಿದೆ. ಪರದೆಯ ಮೂಲಿ ನೋಡಿದೆ.
ಇಬ್ಬರೂ ಕೂಡಿ ಒಂದೇ ಸುಳ್ಳು ಹೇಳಾಕತ್ತಿದ್ರು.

ಸಾಹುಕಾರ್ರು ನಕ್ಕರು: "ಬೇಕಂತನ ಇಟ್ಟೀನವಾ.
ಒಂದ್ಸಲ ಟೆಂಡರಿಗೆ ಮೂರು ನಿಮಿಷ ತಡಾ ಆಗಿ
ನಲವತ್ತು ಚೀಲ ಕಡ್ಡಿ ಕಾಯಿ ಕೈಬಿಟ್ಟು ಹೋತು.
ಅವತ್ತಿನಿಂದ ಈ ಅಂಗಡ್ಯಾಗ
ಯಾವ ಗಡಿಯಾರನೂ ಹಿಂದ ಬಿದ್ದಿಲ್ಲ."

ಅಲ್ಲಿಂದ ಬರೂ ಚೀಟಿಗೆ ಆಯುಷ್ಯ ಹದಿನೈದು ನಿಮಿಷ.
ಇಲ್ಲಿ ಮುಟ್ಟೂದ್ರಾಗ ಅದು ಸತ್ತು ಐದು ನಿಮಿಷ.
ಕ್ಲೈಂಟ್ ಪಾಪ, ನಿಯತ್ತಿನ ಆಳು,
ಅವಧಿ ಮುಗಿದದ್ದನ್ನ ಸದ್ದಿಲ್ಲದ ಹೊರಗ ಒಗೀತಿತ್ತು.
ಬೈದಿದ್ದೆ ಅದನ್ನ, ಬೆಳತನಕ.

ಗಡಿಯಾರ ತಿದ್ದೂದು ಒಂದು ಕ್ಲಿಕ್ಕಿನ ಕೆಲಸ.
ಅವರ ಮುಖಾ ನೋಡಿ ಬಿಟ್ಟೆ.
ಸರ್ವರ್ ಪ್ರತಿ ಉತ್ತರದ ತಲಿಮ್ಯಾಲೆ
ತನ್ನ ಹೊತ್ತು ಬರದ ಕಳಸತೈತಿ;
ಇವರ ಹೊತ್ತಿನಾಗ ಅದನ್ನ ಕಳದು
ಉಳಿದ ಇಪ್ಪತ್ತು ನಿಮಿಷಾನ
ಆರು ಸಾಲಿನ್ಯಾಗ ಗಂಟು ಕಟ್ಟಿಟ್ಟೆ.
ದರಾ ಬಂತು. ಡಬ್ಬಿ, ಕಡ್ಡಿ, ಗುಂಟೂರು.
ಸಾಹುಕಾರ್ರು ಕನ್ನಡಕ ಏರಿಸಿ ಕಡ್ಡಿ ದರಾನ ಮೊದಲು ನೋಡಿದ್ರು.

ಸಂಜೀಕ ಗ್ವಾಡಿ ನೋಡಿ ಎದಿ ಧಸಕ್ಕಂತು,
ಆರರ ಬಸ್ಸು ಹೋತು ಅಂತ ಓಡಿದೆ.
ಬಸ್ಸು ಅಲ್ಲೇ ಇತ್ತು, ಖಾಲಿ.
ಡ್ರೈವರ್ ಇನ್ನೂ ಚಾ ಊದಾಕತ್ತಿದ್ದ.
ಕಟ್ಟಿ ಮ್ಯಾಲೆ ಕುಂತೆ, ಸೆರಗಿನ್ಯಾಗಿನ ಘಾಟಿಗೆ
ಹದಿನೇಳನೇ ಸೀನು.