ಟೋಕನ್ ಹಿಂದಿರುಗಿಸುವಾಗ

ಸಿನಿಮಾ ನಾನು ನೋಡಿಲ್ಲ. ಸ್ಟ್ಯಾಂಡು ಬಿಡೋ ಹಾಗಿಲ್ಲ.
ಗೋಡೆಯಾಚೆ ಪಿಟೀಲು ಅಳುವುದು ಕೇಳುತ್ತೆ,
ಯಾರಿಗಾಗಿ ಅಂತ ತಿಳಿಯೋದು
ಆಟ ಬಿಟ್ಟ ಮೇಲೆ, ಟೋಕನ್ನಿನ ಜೊತೆ
ಒಂದೊಂದು ಮಾತೂ ಕೈಗಿಟ್ಟು ಹೋಗುವಾಗ.

ಕೊಬ್ಬರಿ ಮಂಡಿಯ ಪಂಚಾಕ್ಷರಿ:
"ಪ್ರೀತಿ ಜಾಸ್ತಿ ಆಯ್ತು ಕಣಯ್ಯ,
ಆಯಮ್ಮ ಕಾದಂಬರಿ ಬರೆದಿದ್ದು ಯಾವಾಗ?"
ಅವನ ಹೆಂಡತಿ, ಸೀಟಿನ ಇಬ್ಬನಿ ಒರೆಸುತ್ತ:
"ಒಂದು ಪಾತ್ರೆನೂ ತಿಕ್ಕಲಿಲ್ವಲ್ಲ, ಆವಾಗ."

ಟೈಲರ್ ಜಬೀವುಲ್ಲಾಗೆ ಕಥೆಯೇ ಹತ್ತಿಲ್ಲ:
ಆ ಕಾಲದ ರವಿಕೆಗೆ ಬೆನ್ನಲ್ಲಿ ಹುಕ್ಕೆಲ್ಲಿತ್ತು?
ಇನ್ಯಾರೋ, ಬೋಂಡಾ ತಣ್ಣಗಿತ್ತು ಅಂದರು.
ಅದೂ ಅಭಿಪ್ರಾಯವೇ.

ನರ್ಸಿಂಗ್ ಓದೋ ಹುಡುಗಿಯರು ಮೂವರು,
ಒಂದೇ ಸ್ಕೂಟರು, ಮೂಗು ಕೆಂಪು.
"ಅವನು ಸಾಯಬಾರದಿತ್ತು."
"ಸಾಯದಿದ್ರೆ ಇವಳು ಬರೀತಿದ್ಲೇನೇ?"
ಜಗಳವಾಡುತ್ತಲೇ ಹೋದರು; ಹಿಂದಿನ ದೀಪ ಇರಲಿಲ್ಲ.

ಪೋಸ್ಟ್‌ಮನ್ ಆಗಿದ್ದ ಕೆಂಚವೀರಯ್ಯ
ಜೇಬೆಲ್ಲ ತಡಕಿ, ಟೋಕನ್ ಸಿಕ್ಕರೂ ಕೊಡದೆ ನಿಂತ:
"ಬರೀ ಪ್ರೇಮಪತ್ರ ತೋರಿಸಿದ್ರು.
ಬರೆಯೋರ ಮನೆಗೆ ನಾನು ಹೊತ್ತಿದ್ದು
ವಾಪಸ್ ಬಂದ ದಪ್ಪ ಲಕೋಟೆ.
ಸಹಿ ಹಾಕುವಾಗ ಅವರ ಮುಖ...
ಅದನ್ನ ಯಾರೂ ತೆಗೀಲಿಲ್ಲ."

ಹನ್ನೆರಡೂವರೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಗೂಡ್ಸು ಕೂಗಿತು.
ಒಂದೇ ಸೈಕಲ್ಲು ಉಳಿದಿತ್ತು, ಚೈನು ಕಳಚಿದ್ದು.
ಕೊನೆಯ ಹೆಸರು ಮೇಲೇರುವವರೆಗೂ
ಕೂತಿದ್ದನಂತೆ ಆ ಹುಡುಗ.
ಹೆಂಗಿತ್ತೋ, ಅಂದೆ.
"ಆಯಮ್ಮನ ಪುಸ್ತಕ ಇಲ್ಲಿ ಎಲ್ಲಿ ಸಿಗುತ್ತೆ?"

ಲೈಬ್ರರಿ ದಾರಿ ಹೇಳಿದೆ. ಆಮೇಲೆ ನೆನಪಾಯ್ತು,
ನಾಳೆ ಸೋಮವಾರ, ರಜೆ.
"ಮಂಗಳವಾರ ಹೋಗ್ತೀನಿ ಬಿಡಿ," ಅಂದ.
ಬಗ್ಗಿ ಚೈನು ಕೂರಿಸಿಕೊಟ್ಟೆ.
ಎರಡೂ ಕೈಗೆ ಮಸಿ.