ಹದಿನೇಳನೇ ಕರೆ

ರಾತ್ರಿ ಒಂಬತ್ತೂವರೆ, ಶಿಡ್ಲಘಟ್ಟ.
ಕೆಳಗೆ ಅಬ್ಬಾ ರಾಟೆ ನಿಲ್ಲಿಸಿ ಗಂಟೆಯಾಯಿತು,
ಬಾಣಲೆಯ ನೀರು ಇನ್ನೂ ಆರಿಲ್ಲ;
ಬೆಂದ ಗೂಡಿನ ವಾಸನೆ ಮೆಟ್ಟಿಲು ಹತ್ತಿ ಬಂದು
ನನ್ನ ಹೆಡ್‌ಫೋನಿನ ಸ್ಪಂಜಿನಲ್ಲಿ ಕೂತಿದೆ.
ಈ ದಿನದ ಕರೆಗಳು ನಲವತ್ತೊಂದು.
ನಾನು ಕೇಳಿ ಅಂಕ ಹಾಕಬೇಕಾದ್ದು ಆರು.

ಮುಳಬಾಗಿಲಿನ ಇಮ್ತಿಯಾಜ್, ಗುಡಿಬಂಡೆಯ ನಾಗವೇಣಿ,
ಶಿರಾದ ಯಶೋಧರ, ಅವನ ಬೆನ್ನಿಗೆ ಯಾವಾಗಲೂ ಒಂದು ಮಿಕ್ಸಿ.
ಮೂವರನ್ನೂ ನಾನು ಎದುರಿಗೆ ಕಂಡಿಲ್ಲ.
ಎತ್ತರ ಗೊತ್ತಿಲ್ಲ, ನಡಿಗೆ ಗೊತ್ತಿಲ್ಲ;
ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಗೊತ್ತು.
ಬೆಲೆ ಹೇಳುವ ಮುಂಚೆ ಇಮ್ತಿಯಾಜ್ ಕೆಮ್ಮುತ್ತಾನೆ.
ಸುಳ್ಳಿನ ಹತ್ತಿರ ಬಂದಾಗ ನಾಗವೇಣಿಯ ದನಿ ತೆಳ್ಳಗಾಗುತ್ತದೆ.

ನಾವು ಮಾರುವುದು ಹಾಲು ಕರೆಯುವ ಯಂತ್ರ.
ಮೊದಲ ವಾರವೇ ಯಶೋಧರ ನಕ್ಕಿದ್ದ:
"ಅವ್ರೂ ಕರೀತಾರೆ, ನಾವೂ ಕರೀತೀವಿ ಮೇಡಂ,
ಅವ್ರಿಗೆ ಹಾಲಾದ್ರೂ ಸಿಗುತ್ತೆ."

ಹದಿನೇಳನೇ ಕರೆ. ಆರು ನಿಮಿಷ, ಹತ್ತು ಸೆಕೆಂಡು.
ಆ ಕಡೆ, ಕೈವಾರದ ಹತ್ತಿರ ಎಲ್ಲೋ, ಮುನೆಕ್ಕ.
ಯಶೋಧರ ಹೊರಟ, ಬ್ರೇಕಿಲ್ಲದ ಟೆಂಪೋ:
ಮುಕ್ಕಾಲು ಅಶ್ವಶಕ್ತಿ, ಇಪ್ಪತ್ತೈದು ಲೀಟರಿನ ಕ್ಯಾನು,
ಸಬ್ಸಿಡಿ, ಕಂತು, ಒಂದು ವರ್ಷದ ವಾರಂಟಿ.
ನಡುವೆ ಅವಳು ಕೇಳುತ್ತಾಳೆ:
"ಅದಕ್ಕೆ ಒಪ್ತದಾ, ಹಸ?"
ಅವನಿಗೆ ಕೇಳಿಸಲಿಲ್ಲ. ಅವನು ಕಂತಿನಲ್ಲಿದ್ದ.
ಎರಡನೇ ಸಲ ಕೇಳುತ್ತಾಳೆ. ಮಿಕ್ಸಿ.
ಮೂರನೇ ಸಲ ಕೇಳುವುದಿಲ್ಲ.

ಕೊನೆಗೆ, "ಲೇ ಅಪ್ಪಯ್ಯ, ನಿಂತ್ಕೊ.
ನಮ್ಮ ಗೌರಿ ಕೆಚ್ಚಲಿಗೆ ನೀರು ಚಿಮುಕಿಸಿ, ಸವರಿ,
ಬಾಯಿ ಮುಚ್ಕಂಡು ಕುಂತ್ರೆ ತಾನೇ ಅದು ಸೊರೆ ಬಿಡೋದು.
ನೀನು ಬಂದೋನೇ ಮೊಲೆಗೆ ಕೈ ಹಾಕ್ದೆ."
ಫೋನು ಮಡಗಿದಳು.

ನನ್ನ ಹಾಳೆಯಲ್ಲಿ ಖಾನೆಗಳಿವೆ.
ನಮಸ್ಕಾರ ಹೇಳಿದನೇ? ಹೇಳಿದ.
ಹೆಸರು ಹಿಡಿದು ಮಾತಾಡಿಸಿದನೇ? ಎರಡು ಸಲ.
ಆಕ್ಷೇಪಕ್ಕೆ ಉತ್ತರ ಕೊಟ್ಟನೇ? ಆಕ್ಷೇಪವೇ ಇರಲಿಲ್ಲವಲ್ಲ,
ಇದ್ದದ್ದು ಹಸುವಿನ ಮನಸ್ಸಿನ ವಿಚಾರ.
ಅದಕ್ಕೆ ಖಾನೆ ಇಲ್ಲ.

ಹತ್ತು ಗಂಟೆಗೆ ಅವನನ್ನು ಕರೆದೆ.
ಕ್ಯಾಮೆರಾ ಬೇಡ ಮೇಡಂ ಅಂದ, ಸರಿ ಅಂದೆ.
ಹೇಳಿಕೊಟ್ಟೆ: ಪ್ರಶ್ನೆ ಬಂದರೆ ನಿಲ್ಲು.
ಮೌನ ಬಂದರೆ ತುಂಬಲು ಹೋಗಬೇಡ, ಅದು ಖಾಲಿ ಚೀಲ ಅಲ್ಲ.
ಗೂಡಿನ ಉದಾಹರಣೆ ಕೊಟ್ಟೆ;
ಎಳೆಯ ತುದಿ ಸಿಕ್ಕುವ ತನಕ
ಅಬ್ಬಾ ರಾಟೆಗೆ ಕೈ ಹಚ್ಚುವುದಿಲ್ಲ ಅಂದೆ,
ಚೆನ್ನಾಗಿದೆ ಅನ್ನಿಸಿ ಇನ್ನೊಮ್ಮೆ ಅಂದೆ.
"ಸರಿ ಮೇಡಂ." "ಸರಿ ಮೇಡಂ." "ಸರಿ."

ಆಮೇಲೆ, ಯಾಕೋ,
ನಮ್ಮಿಬ್ಬರ ಮಾತಿನ ರೆಕಾರ್ಡನ್ನೇ ಹಾಕಿ ಕೇಳಿದೆ.
ಇಪ್ಪತ್ತೆರಡು ನಿಮಿಷದಲ್ಲಿ ಹತ್ತೊಂಬತ್ತು ನಾನು.
ಏಳನೇ ನಿಮಿಷದಲ್ಲಿ ಅವನು, ಮೆಲ್ಲಗೆ:
"ಅದು ಮಿಕ್ಸಿ ಅಲ್ಲ ಮೇಡಂ, ಗ್ರೈಂಡರು..."
ನಾನು ಗೂಡಿನಲ್ಲಿದ್ದೆ.
ಹದಿನಾಲ್ಕರಲ್ಲಿ ಮತ್ತೆ: "ಅಕ್ಕ ದೋಸೆ ಹಿಟ್ಟು ಮಾರ್ತಾಳೆ, ಅದು ನಿಂತ್ರೆ..."
ನಾನು ಇನ್ನೂ ಗೂಡಿನಲ್ಲೇ ಇದ್ದೆ.

ಹನ್ನೊಂದು ದಾಟಿತ್ತು. ಮತ್ತೆ ಅವನ ನಂಬರು ಒತ್ತಿದೆ.
"ಹೇಳಿ ಮೇಡಂ."
ಹೇಳಲಿಲ್ಲ.
ಕಲ್ಲು ತಿರುಗುವುದು ಕೇಳಿಸಿತು, ಒದ್ದೆ ಒದ್ದೆಯಾಗಿ,
ಯಾರೋ ಉದ್ದಿನ ಪಾತ್ರೆ ಎಳೆದರು.
ಎಂಟು ಸೆಕೆಂಡು. ಒಂಬತ್ತು.
"ಲೈನಲ್ಲಿದ್ದೀರಾ?"
"ಇದ್ದೀನಿ."
ಅವನೇ ಶುರು ಮಾಡಿದ. ಹಿಟ್ಟಿನ ಬೆಲೆ, ಕರೆಂಟಿನ ಬಿಲ್ಲು,
ಗೋಡೆಯಾಚೆ ಕೂತರೆ ಸಿಗ್ನಲ್ ಸಿಗದಿರುವುದು.
ಆಮೇಲೆ, ತಡೆದು,
"ಹೌದು ಮೇಡಂ, ಹಸು ಒಪ್ಪುತ್ತಾ?"

ನನಗೂ ಗೊತ್ತಿಲ್ಲ ಅಂದೆ.
ನಾನೂ ಅವನೂ ಹಸುವಿನ ಕೆಳಗೆ ಕೂತವರಲ್ಲ.
ನಾಳೆ ಮುನೆಕ್ಕನನ್ನೇ ಕೇಳು ಅಂದೆ.
ಬೆಳಿಗ್ಗೆ ಆರೂವರೆಗೆ ಬೇಡ,
ಆಗ ಅವಳ ಕೈ ಖಾಲಿ ಇರುವುದಿಲ್ಲ.