ಪ್ಲಗ್ಗಿನ ಟೋಪಿ

ಒಂಬತ್ತು ಒದೆತಕ್ಕೂ ಜಾವಾ ಉಸಿರೆತ್ತಲಿಲ್ಲ.
ಹತ್ತನೆಯದಕ್ಕೆ ಕಿಕ್ಕರ್ ತಿರುಗಿ ಬಡಿದು
ನನ್ನ ಮೊಣಕಾಲ ಕೆಳಗೊಂದು ನೇರಳೆ ಹಣ್ಣು.
"ಹೊಸಾ ಕ್ಯಾಪ್ ಹಾಕೀನಿ, ಇನ್ನೇನ್ ಮಾಡ್ಲಿ?" ಅಂದ ದಾದಾಪೀರ,
ಬಾಯಲ್ಲಿ ಕಚ್ಚಿದ ಫೀಲರ್ ಗೇಜು ತೆಗೆಯದೆ.

ಪಿ.ಬಿ. ರೋಡಿನ ಅಂಗಡಿಯಲ್ಲಿ ಕೊಂಡದ್ದು.
ಕೆಂಪು ರಬ್ಬರು, ಮದುಮಗಳ ಉಗುರಿನ ಹೊಳಪು.
ನೂರಾ ಎಂಬತ್ತು ಎಣಿಸಿ ಕೊಟ್ಟಿದ್ದೆ, ಚೌಕಾಸಿಯಿಲ್ಲದೆ.
ಅಂಗಡಿಯವ ಟೋಪಿ ಹಾಕಿದ್ದು
ಗಾಡಿಗಿಂತ ಮೊದಲು ನನಗೆ.

ಮಂಡಕ್ಕಿ ಭಟ್ಟಿಯ ಹೊಗೆ ಅಂದು ನಮ್ಮ ಓಣಿಗೇ ತಿರುಗಿತ್ತು.
ಅದರೊಳಗಿಂದ ಕೆಮ್ಮುತ್ತ ಬಂದರು ಉಜ್ಜಿನಪ್ಪ,
ಕಾಟನ್ ಮಿಲ್ಲಿನ ಹಳೇ ಫಿಟ್ಟರು,
ಮೂವತ್ತೊಂದು ವರ್ಷ ಇದೇ ಗಾಡಿ ಓಡಿಸಿ
ಮಂಡಿ ಕೈಕೊಟ್ಟ ಮೇಲೆ ನನಗೆ ಮಾರಿದವರು.
ಮಾರಿದ್ದಷ್ಟೇ. ಬಿಟ್ಟುಕೊಟ್ಟಿಲ್ಲ.
ದಿನಾ ಬಂದು ಟ್ಯಾಂಕಿನ ಮೇಲೆ ಅಂಗೈ ಇಟ್ಟು ಹೋಗುತ್ತಾರೆ,
ಜ್ವರ ಬಿಟ್ಟಿತೇ ಎಂದು ನೋಡುವ ಹಾಗೆ.

ಕ್ಯಾಪು ಕಿತ್ತು, ಕನ್ನಡಕ ಹಣೆಗೇರಿಸಿ, ಒಳಗೆ ಇಣುಕಿದರು.
"ಐದು ಸಾವಿರ ಓಮ್. ರೆಸಿಸ್ಟರ್ ಐತಿ ಇದರಾಗ.
ಅಕ್ಕಪಕ್ಕದ ರೇಡಿಯೋ ಕೆಡಬಾರದು ಅಂತ
ಕಂಪನಿಯೋರು ಇಟ್ಟಿರ್ತಾರ.
ಈಗಿನ ಗಾಡಿಗೆ ಸರಿ. ಇದು ಆರು ವೋಲ್ಟಿನ ಬಡಪಾಯಿ.
ಸುಂಕದವನ ಮುಂದ ಸುಖದುಃಖ ಹೇಳ್ಕೊಂಡು
ಒಳಗ ಹೋಗೋಷ್ಟರಾಗ
ಕಿಡಿ ಎಲ್ಲಿ ಉಳೀಬೇಕು?"

ಅಂಗಿಯ ಜೇಬಿಂದ ನಶ್ಯದ ಡಬ್ಬಿ ತೆಗೆದರು.
ನಶ್ಯವಿರಲಿಲ್ಲ. ಹತ್ತಿಯಲ್ಲಿ ಸುತ್ತಿದ ಬೇಕಲೈಟ್ ಕ್ಯಾಪು,
ಹುರಿದ ಹುಣಸೆಬೀಜದ ಬಣ್ಣ, ಅಂಚಲ್ಲಿ ಒಂದು ಚಕ್ಕೆ ಹೋದದ್ದು.
ಗಾಡಿಯ ಜೊತೆ ಇದನ್ನೇಕೆ ಕೊಡಲಿಲ್ಲವೆಂದು
ನಾನು ಕೇಳಲಿಲ್ಲ.
ಅವರೂ ಹೇಳಲಿಲ್ಲ.

"ವೈರಿನ ತುದಿ ಅರ್ಧ ಬೆರಳು ಕತ್ತರ್ಸು."
ಹಸಿರುಗಟ್ಟಿದ ತಾಮ್ರ ಉದುರಿ
ಒಳಗಿನ ಎಳೆಗಳು ಬಂದವು, ಈಗತಾನೆ ಮುಖ ತೊಳೆದಂತೆ.
ಕ್ಯಾಪಿನ ಹೊಟ್ಟೆಯ ಮೊಳೆಗೆ ಒತ್ತಿ ತಿರುಗಿಸಬೇಕು,
ಮಗ್ಗಿ ತಪ್ಪಿದ ಹುಡುಗನ ಕಿವಿ ಹಿಂಡುವ ಹದದಲ್ಲಿ,
ನೋಯಬೇಕು, ಹರಿಯಬಾರದು.
ಪ್ಲಗ್ಗಿನ ನೆತ್ತಿಯ ಪುಟ್ಟ ನಟ್ಟು ಬಿಚ್ಚಿದೆವು,
ಟೋಪಿಯ ಮೇಲೆ ಟೋಪಿ ಕೂರುವುದಿಲ್ಲ.
ಒತ್ತಿದೆ.
ಟಕ್.
ಕಿವಿಗಿಂತ ಮೊದಲು ಹೆಬ್ಬೆರಳಿಗೆ ತಿಳಿಯಿತು.

ಒಂದೇ ಒದೆತ.
ದಾದಾಪೀರನ ಬಾಯಿಂದ ಗೇಜು ಕೆಳಗೆ ಬಿತ್ತು.

ಅದೇ ಹೊತ್ತಿಗೆ ಎದುರು ಮನೆಯ ಒಳಗೆ
ಭದ್ರಾವತಿ ಕೇಂದ್ರದಿಂದ ಪೇಟೆ ಧಾರಣೆ ಓದುತ್ತಿದ್ದ ದನಿ
ಮೆಕ್ಕೆಜೋಳ ಕ್ವಿಂಟಾಲಿಗೆ ಅನ್ನುತ್ತಲೇ
ಕರಕರ ಹುರಿಗಡಲೆ ಜಗಿಯತೊಡಗಿತು.
ಹಾಲಮ್ಮ ಹೊಸ್ತಿಲಿಗೆ ಬಂದರು, ಕೈತುಂಬ ಜೋಳದ ಹಿಟ್ಟು.
"ಬಂತಲ್ಲ ನಮ್ ಗಾಡಿ," ಅಂದರು,
ಎಂಟು ತಿಂಗಳಿಂದ ಅಲ್ಲೇ ನಿಂತಿದ್ದ ಗಾಡಿಗೆ.

ಆಮೇಲೆ ಗಂಡನಿಗೆ ಹೇಳಬೇಕಾದ್ದನ್ನು ನನಗೆ ಹೇಳಿದರು:
"ಎರಡ್ನೇ ಪಾಳಿ ಬಿಡೋದು ಹನ್ನೊಂದೂವರೆ.
ಅಷ್ಟೊತ್ತಿಗೆ ಸ್ಟೇಷನ್ ಮುಚ್ಚಿರೋದು. ನಾನು ಆರಿಸ್ತಿರಲಿಲ್ಲ.
ಬರೀ ಸುಯ್ ಅನ್ನೋದು, ಅದನ್ನೇ ಕೇಳ್ಕೋತ ಅಡ್ಡಾಗೋದು.
ರೋಡಿನಾಗ ಹತ್ತು ಜಾವಾ ಹೋಗ್ತಿದ್ವು, ಸದ್ದೆಲ್ಲ ಒಂದೇ.
ಓಣಿಗೆ ತಿರುಗಿದ್ದಕ್ಕಷ್ಟೇ ರೇಡಿಯೋ ಕೆಮ್ಮೋದು.
ಎದ್ದು ಚಿಲಕ ತೆಗೀತಿದ್ದೆ."

ಉಜ್ಜಿನಪ್ಪ ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.
ಮೂವತ್ತೊಂದು ವರ್ಷ,
ಹಾರ್ನ್ ಒತ್ತುವ ಮೊದಲೇ ತೆರೆದಿರುತ್ತಿದ್ದ ಬಾಗಿಲು.
"ನಾನು ತಿಳ್ಕೊಂಡಿದ್ದೆ," ಅಂದರು,
"ನೀನು ಬಾಗಿಲಾಗ ನಿಂತು ಕಾಯ್ತಿದ್ದಿ ಅಂತ."
"ಆ ಸೊಳ್ಳ್ಯಾಗ ಯಾರು ನಿಲ್ತಾರ್ರಿ," ಎಂದು ಹಾಲಮ್ಮ,
ಹೆಂಚಿನ ಮೇಲೆ ರೊಟ್ಟಿ ಹೊತ್ತುತ್ತದೆಂದು ಒಳಗೆ ಹೋದರು.

ಕೆಂಪು ಕ್ಯಾಪು ದಾದಾಪೀರನ ಜೇಬು ಸೇರಿತು,
ಯಾವುದೋ ಸ್ಪ್ಲೆಂಡರಿಗೆ ಆದೀತು.
ನಾನು ಗಾಡಿ ಆರಿಸಲಿಲ್ಲ.
ಅಂದಿನ ಮೆಕ್ಕೆಜೋಳದ ದರ
ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲ.